ಹೂವಯ್ಯ ಮೇಷ್ಟ್ರ ಹತ್ತು ವ್ಯಾಟಿನ ಕಂಪ್ಯೂಟರ್

ಹೊಸನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಹೂವಯ್ಯ ಮೇಷ್ಟ್ರು ೧೯೮೭ರ ಬೇಸಿಗೆ ರಜೆಯಲ್ಲಿ ಶಿವಮೊಗ್ಗದಿಂದ ಕಂಪ್ಯೂಟರ್ ತಂದರು. ಅಂಗಡಿಯಲ್ಲಿ ಎರಡಿದ್ದವು. ದೊಡ್ಡದಕ್ಕೆ ನೂರೈವತ್ತು ವ್ಯಾಟ್ ಬೇಕು. ಟಿವಿಗೆ ಜೋಡಿಸುವ ಚಿಕ್ಕದಕ್ಕೆ ಹತ್ತೇ ವ್ಯಾಟ್. ಚಿಕ್ಕದರ ಪ್ರೊಸೆಸರ್ ನಿಧಾನ ಎಂದು ಅಂಗಡಿಯವನು ಮೊದಲೇ ಹೇಳಿದ್ದ. ಮೇಷ್ಟ್ರು ಅದನ್ನೇ ಆರಿಸಿದರು. ಶಾಲೆ ತೆರೆದ ದಿನ ಸ್ಟಾಫ್ ರೂಮಿನಲ್ಲಿ ವಿದ್ಯುತ್ ಉಳಿತಾಯದ ಮೇಲೆ ಒಂದು ಪೀರಿಯಡ್ಡಿನಷ್ಟು ಉದ್ದದ ಭಾಷಣ ಬಿಗಿದರು.

ಆ ಸಂಜೆ ಉಳಿತಾಯವನ್ನು ಕಣ್ಣಾರೆ ತೋರಿಸಲು ಹೆಂಡತಿ ತುಂಗಮ್ಮನನ್ನು ಕರೆಂಟ್ ಮೀಟರಿನ ಮುಂದೆ ನಿಲ್ಲಿಸಿದರು. ಕಂಪ್ಯೂಟರ್ ಒಂದನ್ನೇ ಹಾಕಿದಾಗ ಮೀಟರಿನ ಚಕ್ರ ತಿರುಗಿದ್ದೇ ಗೊತ್ತಾಗಲಿಲ್ಲ. ಆದರೆ ಟಿವಿ ಹಾಕದೆ ಅಕ್ಷರ ಕಾಣುವುದಿಲ್ಲ; ಹೊಸನಗರದ ವೋಲ್ಟೇಜಿಗೆ ಟಿವಿಗೊಂದು ಸ್ಟೆಬಿಲೈಸರೂ ಬೇಕು. ಅವೆರಡನ್ನೂ ಹಾಕಿದ್ದೇ ತಡ, ಚಕ್ರ ಓಡತೊಡಗಿತು.

“ಕಂಪ್ಯೂಟರನ್ನ ಉಪವಾಸ ಕೆಡವಿ ಟಿವಿಗೆ ಹಬ್ಬದೂಟ ಬಡಿಸ್ದಂಗಾತಲ್ಲ ಮಾರಾಯ್ರೆ,” ಎಂದಳು ತುಂಗಮ್ಮ.

ಇಪ್ಪತ್ತು ವರ್ಷ ವ್ಯಾಟಿನ ಪಾಠ ಮಾಡಿದ ತನಗೆ ಕೂಡುವ ಲೆಕ್ಕವೇ ಬರಲಿಲ್ಲವಲ್ಲ ಎಂದು ಮೇಷ್ಟ್ರಿಗೆ ನಗು ಬಂತು.

ಆದರೂ ಶಾಲೆಯಲ್ಲಿ ಮಾನ ಉಳಿಯಬೇಕು. ಈ ವರ್ಷದ ಟೈಮ್‌ಟೇಬಲ್ ಕಂಪ್ಯೂಟರೇ ಮಾಡುತ್ತದೆ ಎಂದು ಹೆಡ್‌ಮಾಸ್ಟರಿಗೆ ಮಾತು ಕೊಟ್ಟರು. ಪ್ರತಿ ವರ್ಷ ಪೆನ್ಸಿಲು, ರಬ್ಬರು ಹಿಡಿದು ಅದನ್ನು ಮಾಡುತ್ತಿದ್ದವರು ಕನ್ನಡ ಪಂಡಿತ ಮಂಜಯ್ಯ. ಮೇಷ್ಟ್ರು ತಾವೇ ಪ್ರೋಗ್ರಾಮ್ ಬರೆದು ಭಾನುವಾರ ಬೆಳಿಗ್ಗೆ ಶುರುಮಾಡಿದ ಯಂತ್ರ ಮಧ್ಯಾಹ್ನದ ಊಟ ಮುಗಿದರೂ ಯೋಚಿಸುತ್ತಲೇ ಇತ್ತು. ಕೊನೆಗೆ ಪರದೆಯ ಮೇಲೆ ಬಂದದ್ದನ್ನು ಮೇಷ್ಟ್ರು ಕಾಗದಕ್ಕಿಳಿಸಿ, ಇನ್ನೊಮ್ಮೆ ಓದಿಯೂ ನೋಡದೆ ಸೋಮವಾರ ಗೋಡೆಗೆ ಅಂಟಿಸಿದರು.

ಅದರ ಪ್ರಕಾರ ಮೊದಲ ಪೀರಿಯಡ್ಡಿಗೆ ಎಂಟನೇ ಕ್ಲಾಸಿಗೂ ಹೂವಯ್ಯನವರೇ, ಹತ್ತನೇ ಕ್ಲಾಸಿಗೂ ಹೂವಯ್ಯನವರೇ. ತಪ್ಪಾಯಿತೆನ್ನಲು ಬಾಯಿ ಬಾರದೆ ಎರಡು ಕೋಣೆಗಳ ನಡುವೆ ಓಡಾಡಿದರು. ಇಲ್ಲಿ ಆಮ್ಲಜನಕ, ಅಲ್ಲಿ ಆಮ್ಲ. ಜಗಲಿಯಲ್ಲಿ ಮಂಜಯ್ಯ ಎದುರಾದರು.

“ಯಂತ್ರ ಸಣ್ಣದು ಅಂತ ಹಿಂಗಾತಾ?”

“ಇಲ್ಲ ಪಂಡಿತ್ರೆ,” ಮೇಷ್ಟ್ರು ಏದುಸಿರು ಬಿಟ್ಟರು. “ಒಬ್ಬ ಮನುಷ್ಯ ಒಂದೇ ಕಡೆ ಇರ್ತಾನೆ ಅಂತ ನಾನು ಅದಕ್ಕೆ ಹೇಳ್ಲೇ ಇಲ್ಲ. ದೊಡ್ಡದು ತಂದಿದ್ರೆ ಇದೇ ತಪ್ಪು ಎರಡು ನಿಮಿಷಕ್ಕೆ ಆಗ್ತಿತ್ತು, ಅಷ್ಟೇ.”

ಮಂಜಯ್ಯ ನಕ್ಕು, ಆ ವಾರಕ್ಕೆ ಪೆನ್ಸಿಲಿನಲ್ಲೇ ಸರಿಮಾಡಿ ಕೊಟ್ಟರು. ಮುಂದಿನ ಭಾನುವಾರ ತಾವೇ ಮೇಷ್ಟ್ರ ಮನೆಗೆ ಬಂದರು. ನಿಟ್ಟೂರಿನ ಬಸ್ಸಿನಲ್ಲಿ ಬರುವ ಹಿಂದಿ ಟೀಚರಿಗೆ ಮೊದಲ ಪೀರಿಯಡ್ ಬೇಡ, ಊಟವಾದ ಕೂಡಲೇ ಡ್ರಿಲ್ ಬೇಡ ಎಂದು ಅಷ್ಟು ವರ್ಷ ತಲೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದರು. ಹೂವಯ್ಯ ಟೈಪ್ ಮಾಡಿದರು. ಯಂತ್ರಕ್ಕೆ ಸಂಜೆಯವರೆಗೂ ಹಿಡಿಯಿತು. ಇಬ್ಬರೂ ಸಾಲು ಸಾಲಾಗಿ ಓದಿ ನೋಡಿದರು. ಎಲ್ಲ ಸರಿಯಾಗಿತ್ತು. ತಯಾರಿಸಿದವರ ಹೆಸರು ಬರೆಯುವ ಜಾಗದಲ್ಲಿ ಹೂವಯ್ಯ ಪಂಡಿತರ ಹೆಸರನ್ನೇ ಬರೆದರು.