ಬೀರಪ್ಪ ಪೈಲ್ವಾನರ ಕೈ

ಧೈರ್ಯಕ್ಕೆ ಸನ್ಮಾನ ಮಾಡ್ತೀವಿ ಬರ್ರಿ ಅಂತ ಕರೆದಿದ್ದರು. ನಾನು ವೇದಿಕೆಯ ಮೆಟ್ಟಿಲ ಹತ್ತಿರ ಬೆವರುತ್ತಾ ನಿಂತುಬಿಟ್ಟೆ.

ಮೆಟ್ಟಿಲು ಎಷ್ಟಿದ್ದವು? ಮೂರೋ ನಾಲ್ಕೋ. ಸಣ್ಣ ಮಕ್ಕಳು ಜಿಗಿದು ದಾಟುವಷ್ಟು. ಆದರೆ ಹಿಡಿಯಲಿಕ್ಕೆ ರೇಲಿಂಗ್ ಇರಲಿಲ್ಲ, ಕಲ್ಲು ನುಣ್ಣಗೆ ಹೊಳೀತಿತ್ತು. ಹೊಟ್ಟೆ ನೋಯ್ತಾ ಇದೆ ಅಂದೆ. (ಹಸೀ ಸುಳ್ಳು. ಸಂಘಟಕರು ಕ್ಷಮಿಸಬೇಕು.) ಪಾಪ, ಅವರೇ ಶಾಲು, ಹಾರ, ಪೇಟಾ ಎಲ್ಲಾ ಹಿಡಿದುಕೊಂಡು ಕೆಳಗಿಳಿದು ಬಂದರು. ನಿರೂಪಕ ಮೈಕಿನಲ್ಲಿ ಏನಂದ ಗೊತ್ತೇ? "ನೋಡ್ರಿ ಮೇಡಮ್ಮಾರ ಸರಳತಾ! ಸ್ಟೇಜೂ ಬ್ಯಾಡ ಅಂದ್ರು!" ಚಪ್ಪಾಳೆಯೋ ಚಪ್ಪಾಳೆ. ಪೇಟಾ ದೊಡ್ಡದಾಗಿ ಕಣ್ಣಿನ ತನಕ ಜಾರಿತ್ತು. ಒಳ್ಳೆಯದೇ ಆಯಿತು, ನನ್ನ ಮುಖ ಯಾರಿಗೂ ಸರಿಯಾಗಿ ಕಾಣಲಿಲ್ಲ.

ಒಂದು ಸಣ್ಣ ಪ್ರಶ್ನೆ. ಶಾಲು ಹಾರಕ್ಕೆ ಓಡಾಡುವವರಿಗೆ ಆ ಮೆಟ್ಟಿಲಿಗೊಂದು ಕಂಬಿ ಹಾಕಿಸೋದು ಯಾಕೆ ನೆನಪಾಗೋದಿಲ್ಲ?

ಈ ಅಂಕಣ ತಪ್ಪದೇ ಓದುವವರಿಗೆ ಗೊತ್ತು. ಹೋದ ವರ್ಷ ಬೆಳಗಾವಿಯ ಸಾಂಬ್ರಾ ರಸ್ತೆಯಲ್ಲಿ ನನ್ನ ಸ್ಕೂಟಿಗೆ ಟಿಪ್ಪರ್ ಬಡೀತು. ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಈಗ ಕೃತಕ ಕಾಲು. ಆಸ್ಪತ್ರೆಯಿಂದ ಬಂದ ಮೇಲೆ ಇಲ್ಲೇ ಜೋರು ಜೋರಾಗಿ ಬರೆದೆ, ನೀವೂ ಮೆಸೇಜಿನ ಮೇಲೆ ಮೆಸೇಜು ಕಳಿಸಿದಿರಿ. "ನೀವೇ ನಮಗೆ ಸ್ಫೂರ್ತಿ" ಅಂತ. ಅದನ್ನು ಓದುವಾಗ ನಾನು ಬಚ್ಚಲಿಗೆ ಹೋಗಲು ಗೋಡೆ ಹಿಡಿದು ನಿಂತಿರುತ್ತಿದ್ದೆ.

ಈ ಹೊಸ ಕಾಲಿನ ತಾಪತ್ರಯ ಏನು ಹೇಳಲಿ? ಅದಕ್ಕೆ ನೆಲ ಗೊತ್ತಾಗೋದಿಲ್ಲ. ಮೆಟ್ಟಿಲ ಮೇಲೆ ಕಾಲು ಕೂತಿತೋ ಅಂಚಿಗೆ ಸಿಕ್ಕಿತೋ, ಕಣ್ಣೇ ನೋಡಿ ಹೇಳಬೇಕು. ಕಣ್ಣು ತಪ್ಪಿತೋ, ಮುಗೀತು.

ಮಳೆಗಾಲದ ಆರಂಭದಲ್ಲಿ ಅದೂ ಆಯಿತು. ರಾಮತೀರ್ಥ ನಗರದ ನಮ್ಮ ಮನೆಯಲ್ಲಿ ಒಬ್ಬಳೇ ಇದ್ದೆ. ನಮ್ಮವರು ಅಂಗಡಿಗೆ ಹೋಗಿದ್ದರು. ಒಲೆಯ ಮೇಲೆ ಕುಕ್ಕರಿಟ್ಟು, ಹಿಂದಿನ ಬಾಗಿಲಲ್ಲಿ ಒಣಹಾಕಿದ ಬಟ್ಟೆ ತೆಗೆಯಲು ಹೋದೆ. ಇರಚಲು ನೀರು ಒಳಗೆ ಬಂದಿದ್ದು ನೋಡಲಿಲ್ಲ. ಬಿದ್ದೆ. ಕೃತಕ ಕಾಲು ಬುಡದಿಂದ ಕಳಚಿ ಒಂದು ಕಡೆ, ನಾನು ಒಂದು ಕಡೆ. ಫೋನು ಹಾಲ್‌ನಲ್ಲಿ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೀತಾ ಇತ್ತು. ಹೊಡೀತಾನೇ ಇತ್ತು. ಆಮೇಲೆ ಸೀಟಿ ನಿಂತಿತು, ಬೇಳೆ ಸೀದ ವಾಸನೆ ಬಂತು. ನೀರು ಆರಿತು, ಇನ್ನು ಕುಕ್ಕರ್ ಸಿಡಿಯುತ್ತೆ, ಮನೆಗೆ ಬೆಂಕಿ ಬೀಳುತ್ತೆ, ನಾನು ಇಲ್ಲೇ ಬಿದ್ದಿರುತ್ತೇನೆ. ತೆವಳಿಕೊಂಡು ಹೋಗಿ ಗ್ಯಾಸ್ ಆರಿಸಿದೆ. ಏನೂ ಆಗಲಿಲ್ಲ, ಮೊಣಕೈ ತರಚಿತ್ತು ಅಷ್ಟೇ.

ಆದರೆ ಅವತ್ತಿನಿಂದ ನಾನು ನಾನಾಗಿರಲಿಲ್ಲ. ಯಾರ ಮನೆಯ ಕುಕ್ಕರ್ ಸೀಟಿ ಕೇಳಿದರೂ ಎದೆ ಹಾರುತ್ತೆ. ಮೆಟ್ಟಿಲು ಕಂಡರೆ ಬಾಯಿ ಒಣಗುತ್ತೆ.

ಸನ್ಮಾನದ ಮುಂದಿನ ಸೋಮವಾರ ನನ್ನ ರಜೆ ಮುಗಿಯೋದಿತ್ತು. ಕಾಲೇಜಿನಲ್ಲಿ ನನ್ನ ಕ್ಲಾಸು, ಸ್ಟಾಫ್ ರೂಮು ಎಲ್ಲಾ ಮೇಲಿನ ಮಹಡಿ. (ಲಿಫ್ಟ್ ಬರ್ತದೆ ಅಂತ ನಾನು ನೌಕರಿಗೆ ಸೇರಿದಾಗಿನಿಂದ ಕೇಳುತ್ತಿದ್ದೇನೆ.) ಹತ್ತಿದರೆ ನೌಕರಿ, ಇಲ್ಲದಿದ್ದರೆ ಮನೆ. ಸನ್ಮಾನದಿಂದ ವಾಪಸ್ ಬರುವಾಗ ಕಾರಿನಲ್ಲೇ ಹೇಳಿಬಿಟ್ಟೆ. "ರೀ, ನೌಕರಿ ಬಿಡ್ತೀನ್ರಿ. ನನ್ನ ಕಡೆ ಆಗೂದಿಲ್ಲ."

ನಮ್ಮವರು ಗೇರು ಬದಲಿಸುತ್ತಾ, "ಆಸ್ಪತ್ರಿಯೊಳಗ ದಿನಾ ಬೀರಪ್ಪ ಪೈಲ್ವಾನ, ಬೀರಪ್ಪ ಪೈಲ್ವಾನ ಅಂತಿದ್ದಿ. ರವಿವಾರ ಖಾನಾಪುರಕ್ಕ ಹೋಗಿ ಅವರನ್ನರೆ ಒಮ್ಮಿ ನೋಡಿ ಬರೂಣ ನಡಿ" ಅಂದರು.

ಬೀರಪ್ಪ ಪೈಲ್ವಾನರು ನನ್ನ ಬಾಲ್ಯದ ಹೀರೋ. ನಾನು ಹುಟ್ಟಿ ಬೆಳೆದದ್ದು ಖಾನಾಪುರದಲ್ಲಿ, ಅಪ್ಪ ಸಾಲಿ ಮಾಸ್ತರ. ಅಪ್ಪನಿಗೆ ಕುಸ್ತಿ ಹುಚ್ಚು. "ಹೆಣ್ಣ ಹುಡುಗೀನ್ನ ಕುಸ್ತಿಗೆ ಕರಕೊಂಡ ಹೊಂಟೀರೇನ?" ಅಂತ ಅವ್ವ ಬೈದರೂ ಕೇಳದೆ ನನ್ನನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂಡಿಸುತ್ತಿದ್ದರು. ಹಲಗಿ ಬಾರಿಸುತ್ತಿದ್ದ ಹಾಗೆ ಬೀರಪ್ಪ ಪೈಲ್ವಾನರು ಕಣಕ್ಕೆ ಇಳಿಯೋರು. ಬೇರೆ ಪೈಲ್ವಾನರು ತೊಡೆ ತಟ್ಟಿ ನೇರ ಕುಸ್ತಿಗೆ ನಿಂತರೆ, ಇವರದೊಂದು ಬೇರೆ ಪದ್ಧತಿ. ಕಣದ ಸುತ್ತ ಒಂದು ರೌಂಡ್ ಬಂದು, ಮುಂದೆ ಕೂತ ಮಕ್ಕಳ ಕೈಯನ್ನೆಲ್ಲಾ ಒಂದೊಂದಾಗಿ ಗಟ್ಟಿಯಾಗಿ ಹಿಡಿದು ಬಿಡೋರು. ಆಮೇಲೇ ತೊಡೆ ತಟ್ಟಿ ಕುಸ್ತಿ. ಅವರು ನನ್ನ ಕೈ ಹಿಡಿದಾಗ ನನ್ನ ಕೈ ಗಡಗಡ ನಡುಗೋದು. ಕೈಗೆ ಹತ್ತಿದ ಕೆಂಪು ಮಣ್ಣನ್ನು ಊಟದ ತನಕ ತೊಳೀತಿರಲಿಲ್ಲ.

ಭಯ ಅನ್ನೋದೇ ಇಲ್ಲದ ಮನುಷ್ಯ ಅಂದರೆ ಇವರು ಅಂತ ನನಗೆ ಖಾತ್ರಿಯಾಗಿತ್ತು. ಆಸ್ಪತ್ರೆಯಲ್ಲಿ ಹೊಸ ಕಾಲು ಹಾಕಿ ಮೊದಲ ಸಲ ಎದ್ದು ನಿಂತಾಗ, ಫಿಸಿಯೋ ಮಾಡುವ ಹುಡುಗಿ ಬೆಚ್ಚಿಬೀಳುವ ಹಾಗೆ ತೊಡೆ ತಟ್ಟಿದ್ದೆ!

ರವಿವಾರ ಹೋದೆವು. ಪೈಲ್ವಾನರಿಗೆ ಈಗ ವಯಸ್ಸಾಗಿದೆ, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಪ್ಪನ ಹೆಸರು ಹೇಳಿದೆ. "ಮಾಸ್ತರ ಮಗಳೇನ! ಬಾ ಯವ್ವಾ, ಕುಂದರ ಬಾ" ಅಂದರು. ನನ್ನ ನಡಿಗೆ ನೋಡಿ, ಕಾಲು ತೋರಿಸು ಅಂದರು. ಬೆರಳ ಗಿಣ್ಣಿನಿಂದ ಟಕಟಕ ಬಡಿದು ನೋಡಿ, "ಗಟ್ಟಿ ಐತಿ ಬಿಡು, ನನ್ನ ಮೊಣಕಾಲಕಿಂತಾ ಚೊಲೋ ಐತಿ" ಅಂತ ನಕ್ಕರು. ಸೊಸೆ ಚಹಾ ತಂದುಕೊಟ್ಟಳು.

ನಾನು ಕೇಳಿಯೇಬಿಟ್ಟೆ. "ಕಾಕಾ, ನಿಮಗ ಹೆದರಿಕಿ ಅಂಬೋದು ಇರಲೇ ಇಲ್ಲಲ್ಲರೀ. ಅದು ಹೆಂಗ?"

"ಯಾವ ಹುಚ್ಚ ಹೇಳ್ಯಾನ ನಿನಗ?"

ಚಹಾದ ಕಪ್ಪು ಕೆಳಗಿಟ್ಟೆ.

ಅವರು ನಿಧಾನವಾಗಿ ಹೇಳಿದರು. ಹರೆಯದಲ್ಲಿ ಅವರ ಜೊತೆ ತಾಲೀಮು ಮಾಡುತ್ತಿದ್ದ ಗೆಳೆಯನೊಬ್ಬ ಕುಸ್ತಿಯಲ್ಲಿ ಕುತ್ತಿಗೆ ಮುರಿದುಕೊಂಡನಂತೆ. ಇವರ ಕಣ್ಣೆದುರಿಗೇ. "ಆ ಸಪ್ಪಳ ಇನ್ನೂ ಕಿವಿಯಾಗ ಐತಿ. ಅಂದಿನಿಂದ ಕಣಕ್ಕ ಇಳದಾಗೊಮ್ಮಿ ನನ್ನ ಕೈ ನಡಗತಿದ್ದುವು ನೋಡು, ಹಿಂಗ. ಎದುರಿನಾಂವಗ ಕಂಡ್ರ ಮುಗೀತ, ಅಲ್ಲೇ ಸೋತಂಗ. ಅದಕ್ಕ ಹುಡುಗರ ಕೈ ಹಿಡಕೋತ ಒಂದ ಸುತ್ತ ಬರ್ತಿದ್ನಿ. ಸುತ್ತ ಮುಗಿಯೂದರಾಗ ನಡುಕ ಒಂದೀಟ ಹತೋಟಿಗೆ ಬರತಿತ್ತು."

"ಹುಡುಗರ ಕೈನೇ ಯಾಕ, ಕಾಕಾ?"

"ದೊಡ್ಡವರ ಕೈ ಹಿಡದ್ರ ಅವರಿಗಿ ಗೊತ್ತಾಗತೈತಿ. ಹುಡುಗರು ಹೆಂಗೂ ತಾವ ನಡಗತಿರ್ತಾವ."

ಅಯ್ಯೋ! ಇಷ್ಟು ವರ್ಷ ಆ ನಡುಕ ನನ್ನದು ಅಂದುಕೊಂಡಿದ್ದೆನಲ್ಲ!

"ಆಮ್ಯಾಲ ಹೆದರಿಕಿ ಹೋತೇನ್ರಿ?" ಅಂದೆ. ಹೋಯಿತು ಅನ್ನಲಿ ದೇವರೇ, ಅಂತ ಒಳಗೇ ಬೇಡಿಕೊಂಡೆ.

"ಹೋತು. ಕುಸ್ತಿ ಬಿಟ್ಟ ಮ್ಯಾಲ."

ಸಮಾಧಾನ ಆಯಿತು ಅಂದುಕೊಂಡಿರಾ? ಖರೇ ಹೇಳಲೇ? ಸಿಟ್ಟು ಬಂತು. ದಿಗಿಲೂ ಆಯಿತು. ಈ ಹೆದರಿಕೆ ಇವತ್ತಲ್ಲ ನಾಳೆ ಹೋಗುತ್ತೆ, ಆಮೇಲೆ ಮೆಟ್ಟಿಲು ಹತ್ತಿದರಾಯಿತು ಅಂತ ನಾನು ಕಾಯುತ್ತಿದ್ದೆ. ಅದು ಹೋಗೋದೇ ಇಲ್ಲ ಅಂದರೆ? ಬೆಳಗಾವಿ ಮುಟ್ಟಿದೆವು. ಮನೆ ಮುಂದೆ ಕಾರು ನಿಲ್ಲಿಸಿ ನಮ್ಮವರು ಕೇಳಿದ್ದು ಒಂದೇ ಮಾತು. "ನಾಳೆ ಕಾಲೇಜಿಗೆ ಡಬ್ಬಿ ಕಟ್ಟಲೋ, ಬ್ಯಾಡೋ?"

ಕಟ್ಟರಿ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ.

ಸೋಮವಾರ ಜಿಟಿಜಿಟಿ ಮಳೆ. ನಮ್ಮವರು ಕಾಲೇಜಿನೊಳಗೆ ಬಿಟ್ಟು, ನಾನೇ ಹೋಗ್ರಿ ಹೋಗ್ರಿ ಅಂದಿದ್ದಕ್ಕೆ ಹೋದರು. ಮೆಟ್ಟಿಲ ಬುಡದಲ್ಲಿ ನಿಂತೆ. ಎಲ್ಲರ ಛತ್ರಿಯ ನೀರು ಸೋರಿ ಮೆಟ್ಟಿಲೆಲ್ಲಾ ಒದ್ದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಅಲ್ಲಾಡುವ ಕಂಬಿ. ಸಹೋದ್ಯೋಗಿಯೊಬ್ಬರು ಬಂದರು. "ವೆಲ್‌ಕಂ ಬ್ಯಾಕ್ ಮೇಡಂ, ನಿಮ್ಮ ಧೈರ್ಯ ಮೆಚ್ಚಬೇಕ್ರಿ!" ಅಂದವರೇ ಸರಸರ ಹತ್ತಿ ಹೋದರು. ಇನ್ನೊಬ್ಬರು ಬಂದರು, ಅವರೂ ಮೆಚ್ಚಿ ಹತ್ತಿ ಹೋದರು. ಧೈರ್ಯವಂತೆಗೆ ಕೈ ಯಾಕೆ ಬೇಕು, ಹೇಳಿ?

ಎಲ್ಲಿಂದಲೋ ಕುಕ್ಕರ್ ಸೀಟಿ ಕೇಳಿದ ಹಾಗಾಯಿತು. ಕ್ಯಾಂಟೀನಿನದ್ದೇ ಇರಬೇಕು. ತಿರುಗಿ ಗೇಟಿನ ಕಡೆ ನೋಡಿದೆ, ಕಾರು ಆಗಲೇ ಹೋಗಿತ್ತು.

ಆಗ ಬಂದಳು ಒಬ್ಬಳು. ಮಡಿಕೆ ಮುರಿಯದ ಹೊಸ ಸೀರೆ, ಎದೆಗೆ ಪುಸ್ತಕ ಅವುಚಿಕೊಂಡು, ಮುಖ ಬಿಳಿಚಿಕೊಂಡಿತ್ತು. ಹೊಸ ಗೆಸ್ಟ್ ಲೆಕ್ಚರರ್ ಅಂತೆ, ಅವತ್ತೇ ಅವಳ ಮೊದಲ ಕ್ಲಾಸು.

"ತಂಗೀ, ಸ್ವಲ್ಪ ಕೈ ಕೊಡವಾ" ಅಂದೆ.

ಇಷ್ಟು ದಿನ ಯಾರನ್ನೂ ಕೇಳಿರಲಿಲ್ಲ.

ಕೊಟ್ಟಳು. ಕಾಲನ್ನು ಕಣ್ಣಿಂದ ನೋಡುತ್ತಾ ಒಂದು ಮೆಟ್ಟಿಲು ಹತ್ತಿದೆ. ಇನ್ನೊಂದು. ಬೆನ್ನ ಮೇಲೆ ಬೆವರು ಇಳೀತಿತ್ತು, ಬೀಳ್ತೀನಿ ಅಂತಲೇ ಪ್ರತಿ ಮೆಟ್ಟಿಲಿಗೂ ಅನ್ನಿಸ್ತಿತ್ತು. ನಡುವೆ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ಅವಳು ನಾಚಿಕೊಂಡು ಅಂದಳು.

"ಸಾರಿ ರೀ ಮೇಡಂ. ನನ್ನ ಕೈ ಭಾಳ ನಡಗಾಕತ್ತಾವ. ಇವತ್ತ ಫಸ್ಟ್ ಕ್ಲಾಸ್ ಅಲ್ಲರೀ, ಅದಕ್ಕ."

ನಡುಕ ಯಾರದು ಅಂತ ನಾನು ತಿದ್ದಲಿಲ್ಲ. ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು, "ಹೆದರಬ್ಯಾಡ, ನಾ ಅದೀನಿ" ಅಂದೆ.

ಯಾರಿಗೆ ಅಂದೆ?