ಜೊಯಿಡಾ ಬಸ್ಸಿನ ಹಿಂದೆ

ತೊಂಬತ್ತರ ದಶಕದ ಕೊನೆಗೆ, ಜೊಯಿಡಾದಲ್ಲಿ ನೌಕರಿ ಮಾಡುವಾಗ, ನನಗೆ ಮ್ಯಾರಥಾನ್ ಹುಚ್ಚು ಹಿಡಿದಿತ್ತು. ದಿನಾ ಬೆಳಿಗ್ಗೆ ದಾಂಡೇಲಿ ರಸ್ತೆಯಲ್ಲಿ ಓಡುತ್ತಿದ್ದೆ. ಆ ಕಡೆ ಯಾರಾದರೂ ಓಡಿದರೆ ಅದು ಬಸ್ಸಿಗಾಗಿಯೇ. ಬಸ್ಸಿನವರೂ ಕನಿಕರಪಟ್ಟು ನಿಲ್ಲಿಸುತ್ತಾರೆ. ಹಾಗಾಗಿ ಬೆಳಗಿನ ಬಸ್ಸು ದಿನಾ ನನ್ನ ಪಕ್ಕ ನಿಲ್ಲುತ್ತಿತ್ತು.

“ಹತ್ರಿ ಸಾಹೇಬ್ರ, ಲಗೂನ!” ಎನ್ನುತ್ತಿದ್ದ ಕಂಡಕ್ಟರ್.

“ಬ್ಯಾಡಪಾ, ಧಾರವಾಡದ ರೇಸಿಗೆ ತಯಾರಿ. ಸುಮ್ನ ಓಡಾಕತ್ತೇನಿ.”

“ಸುಮ್ನ ಯಾರರ ಓಡ್ತಾರೇನ್ರೀ?”

ಎಷ್ಟೋ ಸಲ ತಿಳಿಸಿ ಹೇಳಿದ ಮೇಲೆ ನಿಲ್ಲಿಸುವುದು ಬಿಟ್ಟ.

ಓಟದ ಹಿಂದಿನ ದಿನವೇ ನಾನು ಧಾರವಾಡ ಸೇರಬೇಕಿತ್ತು. ದಾಂಡೇಲಿ ಮೇಲೆ ಧಾರವಾಡಕ್ಕೆ ಹೋಗುವುದೂ ಅದೇ ಬೆಳಗಿನ ಬಸ್ಸು; ಎಷ್ಟು ಕಾದರೂ ಬರಲಿಲ್ಲ. ಇನ್ನು ಬರಲಿಕ್ಕಿಲ್ಲ ಎಂದರು ಚಹದಂಗಡಿಯವರು. ಲಾರಿಯಾದರೂ ಸಿಕ್ಕೀತೆಂದು ಚೀಲ ಬೆನ್ನಿಗೇರಿಸಿ ನಡೆದೆ. ಊರು ದಾಟುತ್ತಲೇ ಹಿಂದಿನಿಂದ ಬಸ್ಸು ಬಂತು! ಕೈ ಬೀಸುತ್ತ ಓಡಿದೆ. ಡ್ರೈವರ್ ಹಾರ್ನ್ ಹೊಡೆದು ಮುಂದೆ ಹೋದ. ಕಂಡಕ್ಟರ್ ಬಾಗಿಲಿನಿಂದ ಕೂಗಿದ: “ಶಾಬಾಸ್ ಸಾಹೇಬ್ರ! ಇವತ್ತ ಚೀಲಾ ಹೊತ್ಕೊಂಡ ಓಡಾಕತ್ತೀರಲ್ಲ!” ಹಿಂದಿನ ಸೀಟಿನವರು ಚಪ್ಪಾಳೆ ತಟ್ಟಿದರು. ಅಂಥ ವೇಗ ನನ್ನ ಕಾಲಿಗೆ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಆದರೂ ಬಸ್ಸು ಸಿಗಲಿಲ್ಲ, ಲಾರಿಯೂ ಬರಲಿಲ್ಲ.

ಮುಂದಿನ ವಾರ ಚಹದಂಗಡಿಯಲ್ಲಿ ಸಿಕ್ಕ ಕಂಡಕ್ಟರ್ ತಾನೇ ಕೇಳಿದ, “ಧಾರವಾಡದಾಗ ಹೆಂಗ ಓಡಿದ್ರಿ?”

“ಎಲ್ಲೀ ಧಾರವಾಡೋ ಮಾರಾಯಾ! ನಾ ಓಡಿದ್ದೆಲ್ಲಾ ನಿನ್ನ ಬಸ್ಸಿನ ಹಿಂದನ.”

ಅವನ ಮುಖ ಸಣ್ಣದಾಯಿತು. ಮರುದಿನದಿಂದ ಮತ್ತೆ ಬಸ್ಸು ನಿಲ್ಲಿಸತೊಡಗಿದ. ನಾನೂ ಬೇಡವೆನ್ನದೆ ಹತ್ತಿ, ಮುಂದಿನ ಊರಲ್ಲಿ ಇಳಿದು, ಜೊಯಿಡಾಕ್ಕೆ ಓಡಿ ಬರುತ್ತಿದ್ದೆ.