ಮನೆ ನೋಡಲು ಹೋಗಿ ಸಂಡಿಗೆ ಕಾದದ್ದು

ನೌಕರಿ ವಿಜಯಪುರದಲ್ಲಿ, ಮನೆಯನ್ನು ಹತ್ತಿರದ ಮನಗೂಳಿಯಲ್ಲಿ ಕೊಳ್ಳೋಣವೆಂದು ಒಂದನ್ನು ನೋಡಲು ಹೋಗಿದ್ದೆ. ಮಾರುವವರು ಬಾಗಿಲ ಬೀಗದ ಜೊತೆ ಗುದ್ದಾಡುತ್ತಿದ್ದರು. ನಾನು ಹೊರಗಿನ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದೆ. ಅಲ್ಲಿ ಪಕ್ಕದ ಮನೆಯ ಅಜ್ಜಿ ಹಳೇ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದಳು.

“ಈ ಮನಿ ತಗೊಳ್ಳಾವ ನೀನೇನು, ತಮ್ಮಾ?”

“ಇನ್ನೂ ನೋಡಾಕತ್ತೇನ್ರಿ, ಆಯಿ.”

“ಹಂಗಾರ ಇಲ್ಲೇ ಕುಂತು ನೋಡು. ಕಾಗಿ ಬಂದ್ರ ಓಡಸು. ಚಾ ಮಾಡ್ಕೊಂಡು ಬರ್ತೇನಿ,” ಎಂದು ಕೈಗೊಂದು ಕೋಲು ಕೊಟ್ಟು ಇಳಿದೇಬಿಟ್ಟಳು.

ಅಷ್ಟರಲ್ಲಿ ಬೀಗ ತೆರೆದುಕೊಂಡಿತು. “ಬರ್ರಿ ಸರ, ಒಳಗ ನೋಡ್ರಿ,” ಎಂದು ಮಾರುವವರು ಕೂಗಿದರು.

“ತಡೀರಿ, ಸಂಡಿಗಿ ಅದಾವ,” ಎಂದೆ. ಅವರು ಅಲ್ಲಿಗೇ ವ್ಯಾಪಾರ ಕುದುರಿತೆಂದು ನಕ್ಕರು.

ಕುದುರಿತು ಕೂಡ. ಈಗ ರವಿವಾರ ಆಫೀಸಿಗೆ ರಜೆ, ಕಾಗೆಗಳಿಗಿಲ್ಲ.